ಒಂದೆಳೆ ಕಡಿಮೆ

ಅಪ್ಪ ತಂದದ್ದು ಏಪ್ರಿಕಾಟ್ ಜಾಮಿನ ಬಾಟಲಿಯಲ್ಲಿ,
ಮುಚ್ಚಳಕ್ಕೆ ಬಟ್ಟೆ ಬಿಗಿದು, ಕೋಟಿನೊಳಗೆ ಅವುಚಿಕೊಂಡು,
ಅತ್-ಬಾಶಿಯಿಂದ ನರೀನಿಗೆ ಒಂದು ಗಂಟೆಯ ದಾರಿ.
ಸತ್ತ ಕುದುರೆಮರಿಯ ಕರುಳಿನವು, ಏಳು ಹುಳು.
ಹಾಲಿನ ಬಣ್ಣ, ಪೆನ್ಸಿಲಿನ ದಪ್ಪ,
ಒಂದರ ಸೊಂಟಕ್ಕೆ ಒಂದು ಸುತ್ತಿಕೊಂಡು
ಈಗಷ್ಟೇ ಮಲಗಿದ ಹಾಗೆ.

'ಇದರಲ್ಲಿ ಗಂಡೆಷ್ಟು, ಹೆಣ್ಣೆಷ್ಟು?'
ಟೋಪಿ ತೆಗೆಯದೆ, ಕೂರದೆ ಕೇಳಿದ.
ಕೇಳಿದ ಮೇಲೆ ಕಿಟಕಿಯತ್ತ ನೋಡಿದ.
ನಮ್ಮ ಮನೆಯಲ್ಲಿ ಆ ಪ್ರಶ್ನೆ
ಕುರಿಯ ವಿಷಯಕ್ಕೂ ಸಲೀಸಾಗಿ ಬರುವುದಿಲ್ಲ.

'ಬಾಲ ಕೊಕ್ಕೆಯಾದದ್ದು ಗಂಡು. ಎರಡಿವೆ.
ಮಿಕ್ಕದ್ದೆಲ್ಲ ಹೆಣ್ಣು.'
'ಐದು,' ಅಂದ. ಅಷ್ಟೆ.

ಮೊದಲನೆಯವಳು ಬುರುಲ್. ತಿರುಗು, ಎಂದರ್ಥ:
ಈ ಬಾಗಿಲಿಗೆ ಹೆಣ್ಣು ಬಂದದ್ದು ಸಾಕು, ದಿಕ್ಕು ಬದಲಿಸು.
ಎರಡನೆಯವಳು ಜಂಗಿಲ್. ಎಡವು, ಎಂದು:
ಎಡವಿಯಾದರೂ ಮುಂದಿನದು ಗಂಡಾಗಲಿ.
ಮೂರನೆಯವಳು ನಾನು, ಊಲ್ಕಾನ್. ಊಲ್ ಅಂದರೆ ಮಗ.
ಅವರು ಕರೆಯುತ್ತಿದ್ದದ್ದು ಇನ್ನೂ ಬಾರದ ಯಾರನ್ನೋ.
ಓಗೊಡುತ್ತಿದ್ದವಳು ನಾನು.

ಮೊಟ್ಟೆಗೆ ಬಣ್ಣ ಹಾಯಿಸಿ ಗಾಜಿನಡಿಗಿಟ್ಟೆ.
'ಬಾ, ನೋಡು.' ಟೋಪಿ ಹಿಂದಕ್ಕೆ ಸರಿಸಿ ಒಕ್ಕಣ್ಣಾದ.
ಅಲ್ಲಿ ಒಂದೇ ಜೋಡಿ ವರ್ಣತಂತು,
ಕುದುರೆಬಾಲದಿಂದ ಕಿತ್ತ ಎರಡು ಕೂದಲು.
'ಇಷ್ಟೇನಾ?'
'ಇಷ್ಟೇ. ನಮಗೆ ಇಪ್ಪತ್ತಮೂರು ಜೋಡಿ.'

ಇವೂ ಎಂದೋ ಬಿಡಿಬಿಡಿಯಾಗಿದ್ದವಂತೆ.
ಹೆಣ್ಣೋ ಗಂಡೋ ತೀರ್ಮಾನಿಸುವ ತುಂಡೂ
ತನ್ನ ಪಾಡಿಗೆ ತಾನಿತ್ತು. ಆಮೇಲೆ
ತುದಿಗೆ ತುದಿ ಹೊಲಿದುಕೊಂಡವು,
ಅಮ್ಮ ಶಿರ್ದಾಕ್ ಹಾಸು ಹೊಲಿಯುವ ಹಾಗೆ:
ಕೆಂಪು ಉಣ್ಣೆ, ಕಪ್ಪು ಉಣ್ಣೆ ಒಂದರ ಮೇಲೊಂದಿಟ್ಟು
ಒಂದೇ ಚಾಕುವಿನಲ್ಲಿ ಟಗರಿನ ಕೊಂಬು ಕೊರೆದು
ಕೆಂಪಿನ ತೂತಿಗೆ ಕಪ್ಪು, ಕಪ್ಪಿನ ತೂತಿಗೆ ಕೆಂಪು.
ಒಂದು ಚೂರೂ ಹಾಳಾಗದು.

ಹುಳು ಮಾತ್ರ ಹಾಳು ಮಾಡುತ್ತದೆ.
ಮೊಟ್ಟೆ ಎರಡಾಗಿ ನಾಲ್ಕಾಗಿ ಮೈಯಾಗುತ್ತ ಹೋದಂತೆ
ಚರ್ಮವಾಗುವ, ಕರುಳಾಗುವ ಕೋಶಗಳಲ್ಲಿ
ಆ ಉದ್ದನೆಯ ಎಳೆ ಚೂರುಚೂರು;
ತುದಿಗಳು ಕರಗಿ ಇಲ್ಲವಾಗುತ್ತವೆ,
ಹಳೆಯ ಹೊಲಿಗೆ ಬಿಚ್ಚಿ
ಲಿಂಗದ ತುಂಡು ಮತ್ತೆ ಒಂಟಿಯಾಗುತ್ತದೆ.
ಮುಂದಿನ ಪೀಳಿಗೆಗೆಂದು ಎತ್ತಿಟ್ಟ
ಬೆರಳೆಣಿಕೆಯ ಕೋಶಗಳಲ್ಲಷ್ಟೇ ಎಳೆ ಇಡಿಯಾಗಿ ಉಳಿಯುತ್ತದೆ.

'ಬಿತ್ತನೆಯ ಆಲೂಗಡ್ಡೆ,' ಅಂದ ಅಪ್ಪ.
'ಹಸಿದರೂ ಅದನ್ನು ಮುಟ್ಟಬಾರದು.'

ಹೌದೆಂದೆ. ಅಲ್ಲಿಗೇ ನಿಲ್ಲಿಸಬಹುದಿತ್ತು.
ನಿಲ್ಲಿಸಲಿಲ್ಲ.

'ಕೊಳೆತ ಸೇಬಿನಲ್ಲಿ ಇನ್ನೊಂದು ಜಾತಿಯಿದೆ,
ಅಲ್ಪವಿರಾಮದಷ್ಟು ಚಿಕ್ಕದು.
ಎರಡು ಎಕ್ಸ್ ಇದ್ದರೆ ತಾನೇ ತಾಯಿ,
ತನ್ನ ಮಟ್ಟಿಗೆ ತಾನೇ ತಂದೆ. ಮದುವೆಯ ಗೋಜಿಲ್ಲ.
ಸಾವಿರಕ್ಕೊಮ್ಮೆ ಹಂಚುವಾಗ ಕೈ ಜಾರುತ್ತದೆ,
ಎಕ್ಸ್ ಒಂದೇ ಆಗುತ್ತದೆ. ಆ ಮೊಟ್ಟೆ ಗಂಡು.'
'ಅಂದರೆ?'
'ಅಂದರೆ ಒಂದೆಳೆ ಕಡಿಮೆ. ಗಂಡು ಅಂದರೆ ಅಷ್ಟೆ.
ಅಲ್ಲಿ ಎಡವಿದಾಗ ಹುಟ್ಟುವವನು ಅವನು.'
ಎಡವು ಎಂಬುದಕ್ಕೆ ನಮ್ಮಲ್ಲಿ ಇರುವುದು ಒಂದೇ ಮಾತು.
ಅದನ್ನೇ ಹೇಳಿದ್ದೆ. ಹೇಳಿದ ಮೇಲೆ
ಅಕ್ಕ ಕೋಣೆಯೊಳಗೆ ಬಂದು ನಿಂತಂತಾಯಿತು,
ಸಂತೆಯಿಂದ ನೇರ, ಬೂಟಿಗೆ ಕುರಿಹಿಕ್ಕೆ ಮೆತ್ತಿಕೊಂಡು.

ಅಪ್ಪ ಬಹಳ ಹೊತ್ತು ಗಾಜಿನಿಂದ ಕಣ್ಣು ತೆಗೆಯಲಿಲ್ಲ.
ದೀಪ ಆರಿಸಿದ್ದೆ, ಅಲ್ಲಿ ಕಾಣುವುದಕ್ಕೆ ಏನೂ ಇರಲಿಲ್ಲ.
ಹೆಗಲು ಕುಲುಕಿತು. ನಕ್ಕನೋ, ಕೆಮ್ಮೋ.

ಬಾಗಿಲಲ್ಲಿ ನಿಂತು ಕರೆದ: 'ಊಲ್ಕಾನ್.'
ಬೇರೆ ಯಾರಾದರೂ ಬಂದರೇ ಎಂದು
ನಾನು ಹಿಂದೆ ತಿರುಗಿ ನೋಡಲಿಲ್ಲ.
'ಬಾಟಲಿ ತೊಳೆದು ಕೊಡು.
ನಿಮ್ಮಮ್ಮ ಎಣಿಸಿಟ್ಟಿರುತ್ತಾಳೆ.
ಒಂದು ಕಡಿಮೆಯಾದರೂ ಗೊತ್ತಾಗುತ್ತದೆ ಅವಳಿಗೆ.'