ಕೈತಪ್ಪಿದವರು

ಕುವೊಪಿಯೊದ ಆಸ್ಪತ್ರೆ, ಮೂರನೇ ಮಹಡಿ.
ಕಿಟಕಿಯಾಚೆ ಸರೋವರ ಹೆಪ್ಪುಗಟ್ಟಿ ಬಿಗಿದುಕೊಂಡಿದೆ,
ಯಾರೋ ಒಬ್ಬ ಮಂಜುಗಡ್ಡೆಗೆ ತೂತು ಕೊರೆದು
ಮೀನಿಗೆ ಕಾಯುತ್ತ ಕೂತಿದ್ದಾನೆ ಬೆಳಗಿನಿಂದ.
ಒಳಗೆ ನಾವು ಹನ್ನೊಂದು ಜನ,
ಏಲಕ್ಕಿ ಬನ್ನು, ಐದನೇ ಸುತ್ತಿನ ಕಾಫಿ.
ಮೆದುಳಿಗೆ ಪೆಟ್ಟು ಬಿದ್ದವರನ್ನು
ಮತ್ತೆ ಬದುಕಿಗೆ ಹಚ್ಚುವುದು ಹೇಗೆಂಬುದಕ್ಕೆ
ಮಾರ್ಗಸೂಚಿ ಬರೆಯುತ್ತಿದ್ದೇವೆ.

ನಾನು ಬರೆದುಕೊಳ್ಳುವವಳಷ್ಟೇ. ನಡಾವಳಿ ನನ್ನದು,
ಅಲ್ಪವಿರಾಮ ನನ್ನದು. ತೀರ್ಮಾನ ನನ್ನದಲ್ಲ.

ನಾಲ್ಕು ಸಾವಿರದ ನೂರು ಚಿಲ್ಲರೆ ಪ್ರಬಂಧ
ಜರಡಿಗೆ ಸುರಿದಿದ್ದೆವು ಎಲೆಯುದುರುವ ಕಾಲಕ್ಕೆ.
ಜೊಳ್ಳು ಹಾರಿ ಅರವತ್ತಮೂರು ಉಳಿದವು.
ದಣಿವಿನ ಮೇಲೆ, ಎಲ್ಲ ಸೇರಿ, ಒಂಬತ್ತು.

ಶಿಫಾರಸು ಹದಿನೇಳು.
ನಡುನಡುವೆ ವಿಶ್ರಾಂತಿ ಕೊಡುವುದು: ಪುರಾವೆ ದುರ್ಬಲ.
ಬೆಳಕು ತಗ್ಗಿಸುವುದು: ಪುರಾವೆ ಇಲ್ಲ.
ಔಲಿಕ್ಕಿ ಪೆನ್ಸಿಲಿನ ತುದಿಯಿಂದ
ಒಂದೊಂದೇ ಸಂಖ್ಯೆ ಮುಟ್ಟಿ ನೋಡುತ್ತಾಳೆ,
ಬಕೆಟ್ಟಿನ ಕಾಡುಹಣ್ಣಿನಿಂದ ಎಲೆ ಹೆಕ್ಕುವಂತೆ.
ಕಟುಕಿಯಲ್ಲ ಅವಳು. ಎಲ್ಲರೂ ಒಳ್ಳೆಯದೆಂದು ನಂಬಿದ್ದ
ಮಾತ್ರೆಯೊಂದು, ಹಿಂದೊಮ್ಮೆ, ಅವಳದೇ ವಾರ್ಡಿನಲ್ಲಿ...
ಅದನ್ನವಳು ಹೇಳುವುದಿಲ್ಲ.
"ನಂಬಿಕೆ ಬೇಡ, ಎಣಿಕೆ ಕೊಡಿ" ಎನ್ನುತ್ತಾಳೆ, ಅಷ್ಟೇ.

ಮೇಜಿನ ಆ ತುದಿಗೆ ರೈಮೊ ಹ್ಯೂಟಿನೆನ್.
ಏಳನೇ ನಂಬರಿನ ಬಸ್ಸು ಓಡಿಸುತ್ತಿದ್ದವನು.
ಮಾಡಿನ ಹಿಮ ತಳ್ಳಲು ಹತ್ತಿ ಜಾರಿದ; ಆರು ವರ್ಷವಾಯಿತು.
ರೋಗಿಗಳ ಪರವಾಗಿ ಒಂದು ಕುರ್ಚಿ ಇರತಕ್ಕದ್ದೆಂದು ನಿಯಮ,
ಆ ಕುರ್ಚಿ ಇವನು.
ಟೋಪಿ ಹುಬ್ಬಿನ ತನಕ ಇಳಿದಿದೆ.
ತಲೆಯ ಮೇಲೆ ಟ್ಯೂಬ್‌ಲೈಟು ಗುಂಯ್ಗುಡುತ್ತಿದೆ,
ನಮ್ಮಲ್ಲೊಬ್ಬರಿಗೂ ಕೇಳಿಸದಂತೆ.
ಎರಡು ಗಂಟೆ ನಲವತ್ತು ನಿಮಿಷದಿಂದ
ದಣಿವನ್ನು ಚರ್ಚಿಸುತ್ತಿದ್ದೇವೆ
ಬಿಡುವೇ ಇಲ್ಲದೆ.

ಅವನು ಕೈಯೆತ್ತಿದ. ಮಾತಿಗೆ ಹೊತ್ತು ಹಿಡಿಯಿತು,
ಮುದುಕಿ ಹತ್ತುವ ತನಕ ನಿಂತ ಬಸ್ಸಿನ ಹಾಗೆ.
"ನಾಲ್ಕನೇ ಪ್ರಬಂಧ. ಪುಟದ ಅಡಿಗೆ.
ನಲವತ್ತೊಂದು ಜನ ಕೈತಪ್ಪಿದರು ಅಂತಿದೆಯಲ್ಲ,
ಎಲ್ಲಿಗೆ ಹೋದರು ಅವರು?"
"ಬರಲಿಲ್ಲ," ಅಂದಳು ಔಲಿಕ್ಕಿ. "ಕಾರಣ ದಾಖಲಾಗಿಲ್ಲ."
"ಅದರಲ್ಲಿ ನಾನೊಬ್ಬ.
ಮೂರನೇ ಭೇಟಿಗೆ ಹೊರಟು, ಇಲ್ಲೇ ಎದುರಿನ ಸ್ಟಾಪಿನಲ್ಲಿ ಇಳಿದೆ.
ಬಾಗಿಲು ಕಾಣುತ್ತಿತ್ತು. ಬೆಂಚಿನ ಮೇಲೆ ಕೂತೆ.
ನಾನು ಓಡಿಸುತ್ತಿದ್ದ ಬಸ್ಸೇ ನಾಲ್ಕು ಸಲ ಬಂತು, ಹೋಯಿತು.
ಐದನೇ ಸಲಕ್ಕೆ ಹತ್ತಿ ಮನೆ ಸೇರಿದೆ.
ದಣಿವೆಷ್ಟಿದೆ ಎಂದು ಕೇಳಲು ಕರೆದಿದ್ದರು.
ಹೇಳಲು ಬರಲಾಗದಷ್ಟಿತ್ತು."

ಪೆನ್ಸಿಲು ನಿಂತಿತು.
ನಗಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ;
ಅವನೇ ಮೊದಲು ನಕ್ಕ.

ದರ್ಜೆ ಬದಲಾಗಲಿಲ್ಲ. ಬದಲಾಗಬಾರದು ಕೂಡ:
ಒಬ್ಬನ ಬೆಂಚು ಪುರಾವೆಯಲ್ಲ, ಅವನೂ ಒಪ್ಪಿದ.
ಆದರೆ ಔಲಿಕ್ಕಿ ಎದ್ದುಹೋಗಿ ಸ್ವಿಚ್ಚು ಆರಿಸಿದಳು.
ಸರೋವರದ ಬೂದಿಬೆಳಕು ಒಳಬಂದು
ಕಾಗದಗಳ ಮೇಲೆ ಕೂತಿತು.
ಬಿಡುವು, ಇಪ್ಪತ್ತು ನಿಮಿಷ, ಎಂದು ಬರೆದುಕೊಂಡೆ.

ರಾತ್ರಿ, ಮನೆಯಲ್ಲಿ, ಅಡಿಟಿಪ್ಪಣಿ ತಿದ್ದುತ್ತಿದ್ದೇನೆ.
ನಮ್ಮ ಭಾಷೆಯಲ್ಲಿ ಅವನಿಗೂ ಅವಳಿಗೂ ಒಂದೇ ಪದ.
ಭವಿಷ್ಯತ್ಕಾಲವಂತೂ ಇಲ್ಲವೇ ಇಲ್ಲ;
ಗುಣವಾಗುತ್ತಾರೆ ಎಂದರೆ ಇಂದೋ, ನಾಳೆಯೋ, ಎಂದೋ.
'ತೀರ ದಣಿದವರೇ ಅಧ್ಯಯನದಿಂದ ಹೊರಗುಳಿದಿರಬಹುದು.'
'ಬಹುದು' ಹೊಡೆದುಹಾಕಿದೆ. ಮತ್ತೆ ಸೇರಿಸಿದೆ.
ಔಲಿಕ್ಕಿ ಬಿಡುವುದಿಲ್ಲ, ಅವಳದು ಸರಿ.
ಎಂಟು ಪಾಯಿಂಟಿನ ಅಕ್ಷರ, ಒಂದೇ ಸಾಲು,
ಅಷ್ಟರೊಳಗೆ ನಲವತ್ತೊಂದು ಜನ ಕೂರಬೇಕು.

ಹೊರಗೆ ಏಳನೇ ನಂಬರಿನ ಕೊನೆಯ ಬಸ್ಸು ಹೋಯಿತು
ಒಳಗೆಲ್ಲ ದೀಪ ಉರಿಸಿಕೊಂಡು, ಖಾಲಿ.