ಒಂದು ಬೆರಳು ಸಂದಿ

ನಮ್ಮದು ಒಂದ ಖೋಲಿ, ಒಂದ ಕಿಡಕಿ, ಮೂಡಲಕ್ಕ ಮಾರಿ.
ಕೇಶ್ವಾಪುರದಾಗ ಬಾಡಿಗಿ ಹಿಡದು ಎಂಟು ವರ್ಷ.
ಈ ಕಿಡಕಿ ಸಲುವಾಗಿ ನಾವು ಮಾತು ಬಿಟ್ಟ ದಿನ
ಬೆರಳಾಗ ಎಣಸಾಕ ಆಗೂದಿಲ್ಲ.

ಇವರದು ರಾತ್ರಿ ಪಾಳಿ, ಕಲ್ಲಿದ್ದಲ ಗಾಡಿಯ ಕಡೀ ಡಬ್ಬಿ.
ಈಗ ಗಾರ್ಡ್ ಅನಬಾರದಂತ, ಟ್ರೇನ್ ಮ್ಯಾನೇಜರ್.
ಹೆಸರು ಬದಲಾತು, ನಿದ್ದಿ ಬದಲಾಗಲಿಲ್ಲ.
ಮುಂಜಾನೆ ಆರಕ್ಕ ಬರತಾರ, ರೆಪ್ಪಿ ತುಂಬ ಕರಿ ಧೂಳು,
ಚಾದ ಕಪ್ಪು ಕೆಳಗ ಇಡೂದ್ರಾಗ ಕಣ್ಣು ಮುಚ್ಚಿರತಾವ.
ಅಷ್ಟೊತ್ತಿಗೆ ಸೂರ್ಯ ಎದುರು ಮಾಳಿಗಿಯ ನೀರಿನ ಟಾಕಿ ದಾಟಿ
ನೆಟ್ಟಗ ಅವರ ಮಾರಿ ಮ್ಯಾಲ.

ನನಗ ಬೇಕಾದ್ದೂ ಅದ ಬೆಳಕು.
ಚಂದ್ರಕಾಳಿ ಸೀರಿಗೆ ಕಸೂತಿ ಹಾಕ್ತೇನಿ.
ಕರೇ ಬಟ್ಟಿ ಮ್ಯಾಲ ಎಳಿ ಎಣಸಬೇಕು, ನಾಕು ಬಿಟ್ಟು ನಾಕು.
ಒಂದು ತಪ್ಪಿದ್ರ ತುಳಸಿಕಟ್ಟಿ ವಾಲತೈತಿ,
ಮಾಳಮಡ್ಡಿಯ ಬಾಯಾರು ಚಾಳೀಸು ಏರಿಸಿ
ಮೊದಲ ಅದನ್ನ ನೋಡತಾರ.

ಹಳೇ ಚಾದರಕ್ಕ ಮೊಳಿ ಹೊಡದ್ವಿ. ಗಾಜಿಗೆ ಪೇಪರ್ ಹಚ್ಚಿದ್ವಿ.
ಇವರು ಕಣ್ಣಿಗೆ ಟಾವೆಲ್ ಕಟಗೊಂಡು
ಯಾರೋ ಹಿಡದು ಹಾಕಿದ ಕಳ್ಳನ್ಹಂಗ ಮಲಗಿದ್ರು.
ನಾ ಅಡಿಗಿಮನಿ ಹೊಸ್ತಿಲಕ್ಕ ಹೋಗಿ ಕುಂತೆ,
ಒಗ್ಗರಣಿ ಸಿಡದು ಒಂದು ಸೆರಗು ಹಾಳಾತು.
ಮೂರು ದಿನ ಮಾತಿಲ್ಲ.

ನಾಕನೇ ದಿನ ಇಬ್ಬರೂ ಕೊಪ್ಪೀಕರ ರಸ್ತೆಗೆ ಹೋದ್ವಿ.
ಮೆಹರವಾಡೆಯವರ ಹುಡುಗ ತುಣುಕಿನ ಪುಸ್ತಕ ತಗದ:
ಸುರುಳಿದು, ಪಟ್ಟಿಪಟ್ಟಿದು, ಬಿದಿರಿನ ಚಿಕ್ಕು,
ಜೀಬ್ರಾ ಅಂತ ಒಂದು, ಅದರ ರೊಕ್ಕ ಕೇಳಿ
ಮೂರು ದಿನದಾಗ ಮೊದಲನೇ ಸಲ ಇಬ್ಬರೂ ನಕ್ಕಿವಿ.
ಪಟ್ಟಿದು ಧೂಳು ಹಿಡೀತೈತಿ ಅಂದೆ ನಾ.
ಗಾಳಿಗೆ ಟಕಟಕ ಅಂತೈತಿ, ಮನ್ಯಾಗೂ ಹಳಿ ಸಪ್ಪಳ ಯಾಕ, ಅಂದ್ರು ಇವರು.
ಕೆಂಪು ತೋರಿಸಿದ. ಹಸರು ತೋರಿಸಿದ.
“ಬ್ಯಾಡಪಾ, ಮಲಗೋ ಜಾಗಾದಾಗರ ಸಿಗ್ನಲ್ ಬ್ಯಾಡ.”

ನಾ ತುಣುಕು ತಿರುವಿ ಹಿಂಬದಿ ನೋಡಿದೆ, ರೂಢಿ.
ಗವಂತಿ ಹೊಲಿಗಿಗೆ ಒಳಮಾರಿ ಹೊರಮಾರಿ ಒಂದ.
ಇದಕ್ಕ ಹಂಗಲ್ಲ. ಓಣಿಗೆ ತೋರಸಾಕ ಬಿಳಿ,
ಮನಿ ಮಂದಿಗೆ ಕತ್ತಲಿ.

“ಬಲಕ್ಕ ಈ ದಪ್ಪಂದು, ಎಡಕ್ಕ ಆ ತೆಳ್ಳಂದು ಕೊಡತೀಯೇನೋ?”
ಹುಡುಗ ಪೆನ್ನು ಬಾಯಾಗಿಟ್ಟ. “ಒಂದ ಕಿಡಕಿಗೆ ಎರಡೇನ್ರಿ?
ಯಾರೂ ಹಂಗ ಹಾಕಸೂದಿಲ್ಲ. ನಡುವ ಸಂದಿ ಬೀಳತೈತಿ.”
“ಎಷ್ಟು?”
“ಒಂದು ಬೆರಳು.”
ಇವರು ತಮ್ಮ ಬೆರಳು ನೋಡಿಕೊಂಡ್ರು. ಆಮ್ಯಾಲ ನಂದು.

ಅಳತಿಗೆ ಮಕ್ತುಂಸಾಬ ಬಂದ.
ಮ್ಯಾಲ ಹಿಡದ, ನಡುವ ಹಿಡದ, ಕೆಳಗ ಹಿಡದ, ಮೂರೂ ಬ್ಯಾರೆ.
“ಯಾವ ಗ್ವಾಡಿನೂ ನೆಟ್ಟಗ ಇರೂದಿಲ್ರಿ ಅನಸಕ್ಕಾರ,
ಸಣ್ಣ ಅಳತಿ ಹಿಡೀಬೇಕು.
ದೊಡ್ಡದು ಹಿಡದ್ರ ದಿನಾ ಚೌಕಟ್ಟಿಗೆ ತಿಕ್ಕತೈತಿ.”
ಕಿವಿಮ್ಯಾಲಿನ ಪೆನ್ಸಿಲ್ ತಗದು ಅಂಗೈಮ್ಯಾಲ ಬರಕೊಂಡ.

ಈಗ ಎರಡು ಸರಪಳಿ ತೂಗತಾವ.
ಬಲದ್ದು ಅವರದು, ಜಗ್ಗಿದ್ರ ನಡುರಾತ್ರಿ.
ಎಡದ್ದು ನಂದು, ಹಾಲು ಸೋಸಿಧಂಗ ಬೆಳಕು,
ಎಳಿ ಎಳಿ ಬಿಡಿಸಿ ಕಾಣತಾವ.

ನಡುವ ಆ ಸಂದಿ.
ಏಳಕ್ಕ ಅದರ ಬಿಸಲು ಅವರ ಮೊಣಕೈ ಮ್ಯಾಲ ಇರತೈತಿ.
ಎಂಟಕ್ಕ ಮಂಚದ ಅಂಚು ಇಳೀತೈತಿ.
ಒಂಬತ್ತೂವರಿಗೆ ಟ್ರಂಕಿನ ಕೀಲಿ ಮ್ಯಾಲ ಸುಮ್ಮನ ನಿಲ್ಲತೈತಿ,
ಬ್ಯಾರೆ ಗಾಡಿ ಮುಂದ ಹೋಗಲಿ ಅನ್ನೋ ಹಂಗ.
ಹನ್ನೊಂದಕ್ಕ ನನ್ನ ತೊಡಿಮ್ಯಾಲಿನ ಸೀರಿಗೆ ಬಂದು
ಸೂಜಿ ಮಿಂಚಸತೈತಿ. ಆವಾಗ ಎಬ್ಬಸತೇನಿ.
ಗಡಿಯಾರಕ್ಕ ಸೆಲ್ ಹಾಕಿ ಎಷ್ಟು ದಿನ ಆತೋ.

ಮೊನ್ನೆ ಅಂಗಡಿ ಹುಡುಗ ಫೋನ್ ಮಾಡಿದ್ದ:
“ಸಂದಿ ಮುಚ್ಚಾಕ ಹೊಸಾ ಪಟ್ಟಿ ಬಂದೈತ್ರಿ, ನಿಮಗ ಪುಕ್ಕಟ.”
ಇವರು ಮಲಗಿದ್ರು. ಬಿಸಲು ಇನ್ನೂ ಟ್ರಂಕಿನ ಮ್ಯಾಲ.
ಮೂವತ್ತೆರಡನೇ ಎಳಿಯಾಗಿದ್ದೆ ನಾ,
ಎಣಿಕಿ ತಪ್ಪಬಾರದಂತ
ಏನೂ ಅನ್ನದ ಫೋನ್ ಇಟ್ಟೆ.