ಕಚ್ಚಾ ಹೊಲಿಗೆ

ಮೂವತ್ತೊಂದು ವರ್ಷ ತುಳಿದಿದ್ದೇನೆ ಇದೇ ಪೆಡಲನ್ನು
ಪಾಂಡವಪುರದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ.
ಮೈಲಿಗಟ್ಟಲೆ ದಾರ ಓಡಿತು, ಬಟ್ಟೆ ಓಡಿತು,
ಊರ ಹುಡುಗರು ಚಡ್ಡಿಯಿಂದ ಪ್ಯಾಂಟಿಗೆ ಓಡಿದರು.
ನಾನು ಒಂದಂಗುಲ ಸರಿಯಲಿಲ್ಲ.

ಕಾಲೇಜಿನಲ್ಲಿ ಓಡುವ ಮಗಳು ಮುಬೀನಾ ‘ಟ್ರೇಲ್’ ಅಂದಳು,
ನನಗೆ ಕೇಳಿಸಿದ್ದು ‘ಟ್ರಯಲ್’.
ಯಾರದಮ್ಮ, ಯಾವತ್ತು ಬರುತ್ತಾರೆ?
‘ನಿಮ್ಮದೇ ಅಬ್ಬಾ. ಬರುವ ತಿಂಗಳು, ಎರಡನೇ ಭಾನುವಾರ.’

ಅಂಗಡಿ ಮುಚ್ಚಿ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ನಕ್ಷೆ ಹಾಸಿದೆವು.
ಮೂಲೆಗೊಂದು ಭಾರ: ಇಸ್ತ್ರಿಪೆಟ್ಟಿಗೆ, ಕತ್ತರಿ,
ಗುಂಡಿಯ ಡಬ್ಬಿ, ಅವಳ ಮೊಣಕೈ.
ಕುಂತಿಬೆಟ್ಟದ ಬುಡ, ತೊಣ್ಣೂರು ಕೆರೆಯ ಏರಿ,
ಕಾಡಂಚು ಹಿಡಿದು ಮೇಲುಕೋಟೆ,
ಅಲ್ಲಿಂದಾಚೆ ಬಂಡೆ, ಲಂಟಾನ, ಹೆಸರಿಲ್ಲದ ಹಳ್ಳ,
ಕಟ್ಟಕಡೆಗೆ ನಾರಾಯಣದುರ್ಗ,
ಇಸ್ತ್ರಿಗೆ ಬಗ್ಗದ ಕಾಲರಿನ ಹಾಗೆ ನಿಗುರಿ.

ಟೇಪಿಗೆ ತಿರುವು ಗೊತ್ತಿಲ್ಲ.
ಬಿಳಿ ದಾರ ಒದ್ದೆ ಮಾಡಿ ಅಂಟಿಸಿದೆ,
ಸೊಟ್ಟ ಬಂದಲ್ಲೆಲ್ಲ ಉಗುರಿನಿಂದ ಒತ್ತಿ.
ದಾರಕ್ಕೊಂದು ಗುಡಿಸು ಕೊಟ್ಟರೆ ದಾರಿ,
ಎರಡನೇ ಕ್ಲಾಸಿನ ಪಾಠ ಅದು.
ಎತ್ತಿ ಅಳೆದರೆ ಮೂವತ್ತೆಂಟು ಕಿಲೋಮೀಟರು.
ಆದರೆ ಬೆಟ್ಟದ ಕಡೆ ಗೆರೆಗಳು ಒತ್ತೊತ್ತಾಗಿ ನೆರಿಗೆ ಹಿಡಿದಿದ್ದವು.
ಲಂಗ ಹೊಲಿದವನಿಗೆ ಹೇಳಿಕೊಡಬೇಕೆ?
ನೆರಿಗೆ ಒತ್ತಾದಷ್ಟೂ ಒಳಗೆ ಅಡಗಿದ ಬಟ್ಟೆ ಜಾಸ್ತಿ.

ರಾಯಸಮುದ್ರದ ದ್ಯಾವಯ್ಯ, ಆಡು ಕಾಯುವವನು,
ಕಂಬಳಿಯ ಅಂಚು ಹೊಲಿಸಲು ಬಂದು ನಕ್ಷೆ ಮೇಲೆ ಬಗ್ಗಿದ.
‘ಈ ನೀಲಿ ಏನು?’
ಕುಂಟೆ, ನೀರು ತುಂಬಿಕೊಳ್ಳಲು.
‘ಅಲ್ಲೆಲ್ಲದ್ದು ನೀರು? ಸಂಕ್ರಾಂತಿ ಕಳುದ್ಮೇಲೆ ಬರೀ ಹೆಸ್ರು ಕಣಪ್ಪ.’
ಸೀಮೆಸುಣ್ಣ ಕೈಗೆ ಕೊಟ್ಟೆ. ಗೀರುತ್ತ ಹೋದ:
ಇಲ್ಲಿ ಕಾರೆಮುಳ್ಳು, ಇಲ್ಲಿ ಜಾರುವ ಅರೆ,
ಇಲ್ಲಿ ಹೋದ ವರ್ಷ ಎರಡು ಹೋತ ಚಿರತೆಗೆ,
ಇಲ್ಲಿ ತೋಳ. ‘ಅವು ಏನೂ ಮಾಡಾಕಿಲ್ಲ. ನಿಂತ್ಕಂಡು ನೋಡ್ತವೆ.’
ಮೇಲುಕೋಟೆಯಿಂದ ದುರ್ಗಕ್ಕೆ ಎಷ್ಟು ದೂರ?
‘ಮೂರು ಎಲಡಿಕೆ.’
ಮುಬೀನಾ ಅದನ್ನೂ ಬರೆದುಕೊಂಡಳು.

ಅರಣ್ಯದವರ ಅರ್ಜಿಯಲ್ಲಿ ‘ಉದ್ದೇಶ’ ಅಂತೊಂದು ಖಾಲಿ ಗೆರೆ.
ಗಾರ್ಡು ನಕ್ಕ: ಓಡೋದ್ಯಾಕೆ ಸಾಬ್ರೆ, ಯಾರು ಅಟ್ಟಿಸ್ಕೊಂಡು ಬತ್ತಾವ್ರೆ?
ಬಹಳ ಹೊತ್ತು ಪೆನ್ನು ಹಿಡಿದು ಕೂತಿದ್ದು
‘ಟ್ರಯಲ್’ ಅಂತ ಬರೆದೆ.

ಹಳೇ ಛತ್ರಿಯ ಬಟ್ಟೆಯಲ್ಲಿ ಬೆನ್ನುಚೀಲ ಹೊಲಿದೆ.
ನೀರಿಗೆ ಎರಡು ಜೇಬು,
ದ್ಯಾವಯ್ಯನ ಮಾತು ಕೇಳಿ ಇನ್ನೊಂದು.
ಕಡಲೆಬೆಲ್ಲಕ್ಕೆ, ಉಪ್ಪಿನ ಪೊಟ್ಟಣಕ್ಕೆ, ಗಾಯದ ಪಟ್ಟಿಗೆ.
ಸೀಟಿ ತೂಗಲು ಎದೆಯ ಹತ್ತಿರ ಒಂದು ಕಾಜ.
ಒಳಗೆ, ಬೆನ್ನಿಗೆ ತಾಗುವಂತೆ, ಸಣ್ಣದೊಂದು ಜೇಬು
ಯಾತಕ್ಕೆಂದು ನನಗೂ ತಿಳಿಯದು.

ಬಲ ಮೊಣಕಾಲಿನ ವಿಷಯದಲ್ಲಿ ಜಗಳವಾಯಿತು.
ಹತ್ತೂವರೆಗೆ ಮೇಲುಕೋಟೆಯ ಕಲ್ಯಾಣಿ ಮುಟ್ಟದಿದ್ದರೆ
ಬಸ್ಸು ಹತ್ತಬೇಕು, ಕಾರಣ ಹೇಳಕೂಡದು.
ನಾನು ಹನ್ನೊಂದು ಅಂದೆ. ಅವಳು ಮಾತಾಡಲಿಲ್ಲ,
ಗೂಟದಲ್ಲಿದ್ದ ಶಾಲೆಯ ಯೂನಿಫಾರ್ಮು ತೆಗೆದು
ಅಂಚು ತಿರುಗಿಸಿ ತೋರಿಸಿದಳು:
ಬೆಳೆಯುವ ಮಕ್ಕಳಿಗೆಂದು ನಾನೇ ಮಡಿಸಿ ಬಿಟ್ಟ ಎರಡಂಗುಲ.
‘ನಿಮಗೂ ಅಷ್ಟು ಬಿಟ್ಟುಕೊಳ್ಳಿ.’
ಹತ್ತೂವರೆಗೆ ಗೀಟು ಎಳೆದೆ. ಮನಸ್ಸಿಲ್ಲದೆ, ತೆಳ್ಳಗೆ.

ಎಲ್ಲಾ ಕಚ್ಚಾ ಹೊಲಿಗೆಯೇ ಇದು.
ಮೈಮೇಲೆ ಹಾಕಿ ನೋಡುವವರೆಗೆ ನಿಂತರೆ ಸಾಕು,
ಆಮೇಲೆ ಎಳೆದರೆ ಸರ್ರನೆ ಬಿಚ್ಚಿಕೊಳ್ಳಬೇಕು.

ನಿನ್ನೆ ಕತ್ತಲಿರುವಾಗಲೇ ಕುಂತಿಬೆಟ್ಟದ ಅರ್ಧ ಹತ್ತಿ ಬಂದೆ.
ಮಿಷನ್ನಿಗೆ ಕೂತರೆ ತೊಡೆ ನಡುಗಿ
ಕಾಲು ತನ್ನಷ್ಟಕ್ಕೆ ಜೋರು ತುಳಿದು, ಮೂರು ಸಲ ದಾರ ಹರಿಯಿತು.
ರವಿಕೆಗೆ ಕಾಯುತ್ತಿದ್ದ ಸಾಕಮ್ಮ ಕೇಳಿದಳು:
ಯಾವೂರ್ಗೆ ಹೊಂಟಿದ್ದೀಯಪ್ಪ ಇಷ್ಟು ಅರ್ಜೆಂಟಾಗಿ?

ಇನ್ನು ಹತ್ತೊಂಬತ್ತು ದಿನ. ಅವಳ ಮನೆ ಮದುವೆಯದೇ
ಹನ್ನೆರಡು ರವಿಕೆ ಬಾಕಿ.
ಮೇಜಿನ ತುದಿಯಲ್ಲಿ ಆ ಬಿಳಿ ದಾರ ಒಣಗಿ,
ಯಾರೂ ಒತ್ತಿ ಹಿಡಿಯದಿದ್ದರೂ,
ತೊಣ್ಣೂರಿನ ತಿರುವನ್ನು ಹಾಗೇ ಇಟ್ಟುಕೊಂಡಿದೆ.